ಸೇತುವೆಗೆ ಅಂಟಿಸಿದ ಮೈಕು

ಸಾಮಾನ್ಯ ಮೈಕು ಗಾಳಿಯಲ್ಲಿ ಬರುವ ಸದ್ದನ್ನು ಹಿಡಿಯುತ್ತದೆ. ನಾನು ಬಳಸುತ್ತಿದ್ದದ್ದು ಬೇರೆ ಜಾತಿಯದು. ನಾಣ್ಯದಷ್ಟು ಅಗಲದ ತೆಳು ಹಿತ್ತಾಳೆಯ ಬಿಲ್ಲೆ. ಆಟಿಕೆಗಳಲ್ಲಿ, ಅಗ್ಗದ ಅಲಾರಮ್ಮುಗಳಲ್ಲಿ ಕಿರ್ರೆನ್ನುವುದು ಇದೇ. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಹಿಡಿಗಟ್ಟಲೆ ಸಿಗುತ್ತದೆ. ಅದಕ್ಕೆ ಎರಡು ತಂತಿ ಬೆಸೆದು, ಕಬ್ಬಿಣಕ್ಕೋ ಮರಕ್ಕೋ ಒತ್ತಿ ಅಂಟಿಸಿದರೆ, ಆ ವಸ್ತುವಿನ ಒಳಗಿನ ನಡುಕವನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತು ಯಾರಾದರೂ ಕೂಗಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಕಪ್ಪು ಟೇಪು, ಎರಡು ತಂತಿ, ತಂತಿಯ ಕೊನೆಗೆ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ರೆಕಾರ್ಡರು, ರೆಕಾರ್ಡರಿನ ಮೂಲೆಯಲ್ಲಿ ಒಂದು ಕೆಂಪು ದೀಪ. ನೋಡಲು ಇಷ್ಟೇ. ಗೊತ್ತಿಲ್ಲದವರ ಕಣ್ಣಿಗೆ ಇದು ಏನಾಗಿ ಕಾಣುತ್ತದೆ ಎಂದು ಆ ಭಾನುವಾರದ ಮಧ್ಯಾಹ್ನದವರೆಗೆ ನನಗೆ ಹೊಳೆದಿರಲಿಲ್ಲ.

ನನ್ನದು ಹೆದರುವ ಸ್ವಭಾವ. ಲಿಫ್ಟು ಎರಡು ಮಹಡಿಯ ನಡುವೆ ಒಂದು ಕ್ಷಣ ತಡೆದರೂ ಅಂಗೈ ಬೆವರುತ್ತದೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತುವ ಮೊದಲೇ ಕೆಟ್ಟ ಸುದ್ದಿಯನ್ನು ಊಹಿಸಿ ಮುಗಿಸಿರುತ್ತೇನೆ. ಟೆಕ್ನೊ ಸಂಗೀತ ನನಗೆ ಹಿಡಿಸಿದ್ದು ಬಹುಶಃ ಅದಕ್ಕೇ. ಅದರಲ್ಲಿ ಹಾಡುವವರಿಲ್ಲ, ಮಾತಿಲ್ಲ. ಒಂದು ಬಡಿತ, ಮತ್ತೆ ಅದೇ ಬಡಿತ, ಮತ್ತೂ ಅದೇ. ಅದರ ಮೇಲೆ ತೀರ ನಿಧಾನವಾಗಿ ಒಂದೊಂದೇ ಸದ್ದು ಬಂದು ಕೂರುತ್ತದೆ, ಒಂದೊಂದೇ ಎದ್ದು ಹೋಗುತ್ತದೆ. ಮುಂದಿನ ಬಡಿತ ಎಲ್ಲಿ ಬೀಳುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಅದು ಅಲ್ಲೇ ಬೀಳುತ್ತದೆ. ಆ ನೆಮ್ಮದಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಮ್ಮ ಮನೆ ಚೆಂಬೂರಿನ ಒಂದು ಕಾಲೊನಿಯಲ್ಲಿ. ಅಪ್ಪ ಮೈಸೂರಿನ ಕಡೆಯವರು, ಇಲ್ಲಿನ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಾನು ಪವಾಯಿಯಲ್ಲಿ ಓದಿ, ಅಲ್ಲೇ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಟೆಕ್ನೊದ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಹೆಡ್‌ಫೋನು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರೆ ಅಮ್ಮ, "ಭಾನುವಾರಾನೂ ಕೆಲಸ ಕೊಡ್ತಾರಲ್ಲ, ಏನು ಜನಾನೋ" ಎಂದು ಗೊಣಗಿ ಕಾಫಿ ಇಟ್ಟು ಹೋಗುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ಜೊತೆಗೆ ಸಂಗೀತ ಮಾಡುತ್ತಿದ್ದವಳು ಒಬ್ಬಳೇ ಗೆಳತಿ. ಅವಳ ಅಪ್ಪ ಉಡುಪಿ ಕಡೆಯವರು, ಗ್ರಾಂಟ್ ರೋಡಿನಲ್ಲಿ ಹೋಟೆಲು ಇಟ್ಟವರು. ಹೋಟೆಲಿನ ಮೇಲೆ, ಈರುಳ್ಳಿ ಮೂಟೆಗಳ ಕೋಣೆಯ ಪಕ್ಕದಲ್ಲಿ, ನಮಗೊಂದು ಸಣ್ಣ ರೂಮು ಬಿಟ್ಟುಕೊಟ್ಟಿದ್ದರು. ಕೆಳಗೆ ಗ್ರೈಂಡರ್ ತಿರುಗುವಾಗ ನಮ್ಮ ಮೇಜು ಸಣ್ಣಗೆ ನಡುಗುತ್ತಿತ್ತು. ನಾನು ಕಟ್ಟಿ ತಂದ ತುಣುಕುಗಳನ್ನು ಅವಳು ಕಾಲು ಚಾಚಿಕೊಂಡು ಕೇಳುವಳು.

"ಎಂತ ಮಾರಾಯ್ತಿ ನಿನ್ನ ಬಡಿತ? ಕೈಗಡ ಕೇಳ್ಲಿಕ್ಕೆ ಬಂದವ ಬಾಗಿಲು ತಟ್ಟಿದ ಹಾಗೆ. ಸ್ವಲ್ಪ ಧೈರ್ಯದಲ್ಲಿ ಕುಟ್ಟು."

"ನಿನ್ನ ಹಾಗೆ ಕುಟ್ಟಿದ್ರೆ ಕೆಳಗೆ ಸಾಂಬಾರ್ ಚೆಲ್ಲುತ್ತೆ."

"ಚೆಲ್ಲಲಿ. ಡ್ಯಾಡಿ ಬಕೆಟ್‌ಗಟ್ಲೆ ಮಾಡ್ತಾರೆ."

ಬಡಿತದ ಅಡಿಯಲ್ಲಿ ಹರಡಿಕೊಳ್ಳುವ ಒಂದು ಆಳವಾದ ಗುಡುಗು ಬೇಕಾಗಿತ್ತು. ಇಂಟರ್‌ನೆಟ್ಟಿನಲ್ಲಿ ಸಿದ್ಧವಾಗಿ ಸಿಗುತ್ತದೆ. ಅದನ್ನೇ ಎಲ್ಲರೂ ಬಳಸುವುದರಿಂದ ಎಲ್ಲರ ಟ್ರ್ಯಾಕೂ ಒಂದೇ ಮನೆಯ ಮಕ್ಕಳ ಹಾಗಿರುತ್ತದೆ. ರೈಲು ಕೆಳಗೆ ಹಾದುಹೋಗುವಾಗ ಸ್ಟೇಷನ್ನಿನ ಮೇಲುಸೇತುವೆಯ ಉಕ್ಕು ಹೇಗೆ ಮೊಳಗುತ್ತದೆ ಎಂದು ನನ್ನ ಅಂಗೈಗೆ ಗೊತ್ತಿತ್ತು. ಪ್ರತಿದಿನ ಕಂಬಿ ಹಿಡಿದು ಇಳಿಯುವವಳು ನಾನು. ಅದನ್ನು ಹಿಡಿಯೋಣ ಎಂದು ಹೇಳಿದವಳೂ ನಾನೇ.

ಭಾನುವಾರ ಮೆಗಾಬ್ಲಾಕ್ ಇರುತ್ತದೆ. ಹಳಿ ರಿಪೇರಿಗೆಂದು ರೈಲ್ವೆಯವರು ಹಗಲಿನ ಕೆಲವು ಗಂಟೆ ಒಂದಿಷ್ಟು ಲೈನು ಮುಚ್ಚಿಬಿಡುತ್ತಾರೆ. ರೈಲುಗಳು ಕಡಿಮೆ, ಎರಡು ರೈಲಿನ ನಡುವೆ ಬಹಳ ಹೊತ್ತು. ಸೇತುವೆಯ ಮೇಲೆ ಜನವೂ ಕಡಿಮೆ, ಆದ್ದರಿಂದ ಒಂದು ರೈಲಿನ ಸದ್ದು ಪೂರ್ತಿ ಮುಗಿದು ಉಕ್ಕು ಸುಮ್ಮನಾಗುವವರೆಗೂ ರೆಕಾರ್ಡ್ ಮಾಡಬಹುದು ಎಂದು ನಾನು ಲೆಕ್ಕ ಹಾಕಿದ್ದೆ. ಮೆಗಾಬ್ಲಾಕಿನ ದಿನ ತಡವಾಗಿ ಬರುವ ಒಂದು ರೈಲಿನಲ್ಲಿ ಮೂರು ರೈಲಿನ ಜನ ಇರುತ್ತಾರೆ ಎಂಬುದು ನನಗೇನೂ ಗೊತ್ತಿಲ್ಲದ ಸಂಗತಿಯಲ್ಲ. ಸದ್ದಿನ ಲೆಕ್ಕ ಹಾಕುವಾಗ ಅದು ತಲೆಗೆ ಬರಲಿಲ್ಲ.

ಯಾವ ಸ್ಟೇಷನ್ ಎಂದು ಬರೆಯುವುದಿಲ್ಲ. ಮೆಟ್ಟಿಲು ನಡುವೆ ಒಮ್ಮೆ ತಿರುಗಿ ಮೇಲೇರುವ ಹಳೆಯ ಸೇತುವೆ. ಆ ತಿರುವಿನಲ್ಲಿ, ಕಂಬಿಯ ಬುಡದಲ್ಲಿ, ಬಿಲ್ಲೆಯನ್ನು ಅಂಟಿಸಿದೆ. ಪಕ್ಕದಲ್ಲಿ ನಾನು ನಿಂತರೆ ನನ್ನ ಪಾದ ಅಲುಗಿದ್ದೂ ರೆಕಾರ್ಡ್ ಆಗುತ್ತದೆ. ಹಾಗಾಗಿ ಅಂಟಿಸಿ ದೂರ ಹೋಗುವುದು ನಮ್ಮ ಅಭ್ಯಾಸ. ಯಾರೂ ಮುಟ್ಟದಿರಲಿ ಎಂದು ರೆಕಾರ್ಡರನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ, ತಂತಿಯನ್ನು ಕಂಬಿಯ ಒಳಬದಿಗೆ ಎಳೆದು, ಅಲ್ಲಲ್ಲಿ ಟೇಪು ಹಚ್ಚಿದೆ. ಅಚ್ಚುಕಟ್ಟಾಗಿ ಮಾಡಿದ್ದೆ. ಹಾಗೇ ಎದುರಿಗೆ ಬಿಟ್ಟಿದ್ದರೆ ಯಾರದೋ ಮರೆತುಹೋದ ವಸ್ತು ಎನಿಸುತ್ತಿತ್ತೇನೋ. ಬಚ್ಚಿಟ್ಟ ಹಾಗೆ ಕಂಡದ್ದು ನನ್ನ ಅಚ್ಚುಕಟ್ಟಿನಿಂದ.

ನಾವಿಬ್ಬರೂ ಕೆಳಗೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ತಿರುವು ಕಾಣುವ ಹಾಗೆ ಕೂತೆವು. ಒಂದು ರೈಲು ಹೋಯಿತು. ಗೆಳತಿ ಕಡಲೆಕಾಯಿ ಪೊಟ್ಟಣ ಬಿಚ್ಚಿದಳು. ಕೈಚೀಲ ಹಿಡಿದ ಒಬ್ಬ ಮನುಷ್ಯ ಮೆಟ್ಟಿಲಿಳಿದು ಬಂದು, ಕೈ ಬದಲಿಸಲು ತಿರುವಿನಲ್ಲಿ ಚೀಲ ಕೆಳಗಿಟ್ಟ. ಬಗ್ಗಿದವನು ಹಾಗೇ ನಿಂತ. ಬಟ್ಟೆ ಸ್ವಲ್ಪ ಸರಿದಿರಬೇಕು, ಕೆಂಪು ದೀಪ ಕಂಡಿರಬೇಕು. ಅವನು ಕೂಗಲಿಲ್ಲ. ಮುಖವನ್ನು ಅದರತ್ತಲೇ ಇಟ್ಟುಕೊಂಡು ಒಂದೊಂದೇ ಮೆಟ್ಟಿಲು ಹಿಂದೆ ಹಿಂದೆ ಏರಿದ. ಚೀಲವನ್ನು ಅಲ್ಲೇ ಬಿಟ್ಟ. ಈಗ ಅಲ್ಲಿ ಬೇವಾರಸಿ ವಸ್ತು ಎರಡಾದವು.

ಮೇಲಿನಿಂದ ಬರುತ್ತಿದ್ದವರಿಗೆ ಅವನು ಏನು ಹೇಳಿದನೋ ಕೇಳಿಸಲಿಲ್ಲ. ಕೈ ತೋರಿಸಿದ್ದು ಕಾಣಿಸಿತು. ನೋಡಲು ನಾಲ್ಕು ಜನ ಬಂದರು, ನೋಡಿ ಓಡಿದರು. ಎಲ್ಲೋ ಸೀಟಿ ಊದಿತು. ಅದೇ ಹೊತ್ತಿಗೆ ತಡವಾಗಿದ್ದ ರೈಲು ನಮ್ಮ ಪ್ಲಾಟ್‌ಫಾರ್ಮಿಗೆ ಬಂದು ನಿಂತು, ಬಾಗಿಲುಗಳಿಂದ ಜನ ಸುರಿದರು. ಸುರಿದವರೆಲ್ಲ ಆ ಮೆಟ್ಟಿಲಿನ ಕಡೆಗೇ ಹೊರಟರು. ಮೇಲಿದ್ದವರು ಕೆಳಗೆ ನುಗ್ಗುತ್ತಿದ್ದರು, ಕೆಳಗಿನವರಿಗೆ ಏನೂ ಗೊತ್ತಿರಲಿಲ್ಲ. ಕಾಲ್ತುಳಿತದಲ್ಲಿ ಜನ ಸತ್ತ ಈ ಊರಿನಲ್ಲಿ ಸೇತುವೆಯ ಮೆಟ್ಟಿಲ ಮೇಲೆ ಜನ ಎರಡು ಕಡೆಯಿಂದ ಒತ್ತಿದರೆ ಏನಾಗುತ್ತದೆ ಎಂದು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಗೆಳತಿ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. "ಬಾ. ಹತ್ತು ಇದೇ ಟ್ರೇನ್."

"ಅದು ನಮ್ದು ಅಂತ ಹೇಳ್ಬೇಕು."

"ಹೇಳಿದ್ರೆ ಒಳಗೆ ಹಾಕ್ತಾರೆ. ಟೀವಿಯಲ್ಲಿ ಮುಖ ಬರ್ತದೆ ಮಾರಾಯ್ತಿ. ನಿನ್ನ ಅಪ್ಪ ನೋಡ್ತಾರೆ. ಬಾ ಅಂದೆ ನಾನು!"

ನನಗೂ ಹತ್ತಬೇಕೆಂದೇ ಇತ್ತು. ಕಾಲು ರೈಲಿನ ಕಡೆಗೇ ತಿರುಗಿತ್ತು. ಹೆಂಗಸರ ಡಬ್ಬಿಯ ಬಾಗಿಲಿನವರೆಗೂ ಅವಳ ಹಿಂದೆ ಹೋದೆ. ಅವಳು ಹತ್ತಿದಳು, ಕೈ ಚಾಚಿದಳು. ನಾನು ಒಮ್ಮೆ ಮೆಟ್ಟಿಲಿನ ಕಡೆ ನೋಡಿದೆ. ಒಬ್ಬ ಹೆಂಗಸು ತನ್ನ ಚಿಕ್ಕ ಬ್ಯಾಗನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಿದ್ದಳು, ಕೈ ಕೆಳಗಿಳಿಸಲು ಜಾಗವಿಲ್ಲದವಳ ಹಾಗೆ. ರೈಲು ಹೊರಟಿತು. ಗೆಳತಿ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗುತ್ತ ಹೋದಳು.

ಇಡೀ ಬದುಕಿನಲ್ಲಿ ನಾನು ಸಾರ್ವಜನಿಕವಾಗಿ ಕೂಗಿದವಳಲ್ಲ. ಶಾಲೆಯಲ್ಲಿ ಹಾಜರಿ ಕರೆದಾಗ ಕೊಟ್ಟ ಉತ್ತರವೂ ಟೀಚರಿಗೆ ಕೇಳುತ್ತಿರಲಿಲ್ಲ. ಜನದ ಅಂಚಿಗೆ ಹೋಗಿ, "ಮೇರಾ ಹೈ! ವೋ ಮೇರಾ ಹೈ!" ಅದು ನನ್ನದು ಎಂದೆ. ಕೂಗಿದೆ ಎಂದುಕೊಂಡೆ. ಪಕ್ಕದ ಹೆಂಗಸು ತಿರುಗಿ, "ಕ್ಯಾ ತೇರಾ ಹೈ? ಧಕ್ಕಾ ಮತ್ ಮಾರ್!" ಎಂದಳು.

ಮೆಟ್ಟಿಲಿನ ಬುಡದಲ್ಲಿ ಒಬ್ಬ ಮಹಿಳಾ ಪೊಲೀಸ್ ಸೀಟಿ ಊದುತ್ತ ಜನರನ್ನು ಹಿಂದೆಳೆಯುತ್ತಿದ್ದರು. ಅವರ ತೋಳು ಹಿಡಿದೆ. ಅವರು ಕೊಡವಿದರು. ಮತ್ತೆ ಹಿಡಿದೆ.

"ಮೇಡಂ, ಮೇಲಿರೋದು ನಂದು," ಎಂದು ಹಿಂದಿಯಲ್ಲಿ ಹೇಳಿದೆ. "ಬಾಂಬ್ ಅಲ್ಲ. ಮೈಕು."

ಅವರು ಸೀಟಿಯನ್ನು ಬಾಯಿಂದ ತೆಗೆದರು. "ಕಾಯ್?" ಏನು ಎಂದು.

"ಮೈಕು. ರೆಕಾರ್ಡಿಂಗ್ ಮಾಡೋದು. ನಾನೇ ಇಟ್ಟಿದ್ದು. ನಾನು ಹೋಗಿ ಕಿತ್ತು ತರ್ತೀನಿ, ಎಲ್ರಿಗೂ ತೋರಿಸ್ತೀನಿ."

ಅವರು ನನ್ನ ಮುಂಗೈಯನ್ನು ಹಿಡಿದ ರೀತಿಯಲ್ಲೇ ನನಗೆ ಅರ್ಥವಾಯಿತು, ಇನ್ನು ನಾನು ಎಲ್ಲಿಗೂ ಹೋಗುವಂತಿಲ್ಲ. "ಕೋಯೀ ಹಾತ್ ನಹೀಂ ಲಗಾಯೇಗಾ," ಎಂದರು. ಯಾರೂ ಮುಟ್ಟಕೂಡದು. ನಾನು ನಿಜ ಹೇಳುತ್ತಿದ್ದೇನೆ ಎಂದು ಅವರು ಯಾಕೆ ನಂಬಬೇಕು? ಇನ್ನೊಂದು ಕೈಯಲ್ಲಿ ವಾಕಿಟಾಕಿ ಎತ್ತಿ ಮರಾಠಿಯಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು ಒಂದೇ ಪದ, ಮುಲಗಿ. ಹುಡುಗಿ. ಹುಡುಗಿಯೊಬ್ಬಳು ಸಿಕ್ಕಿದ್ದಾಳೆ.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಕ್ಯಾಂಟೀನಿನವರು, ಹಮಾಲರು ಸೇರಿ ಕೆಳಗಿನ ಜನರನ್ನು ತೋಳು ಹಿಡಿದು ಹಿಂದಕ್ಕೆ ಎಳೆದರು. ಮೆಟ್ಟಿಲು ಸಡಿಲವಾಯಿತು. ಯಾರದೋ ಕನ್ನಡಕ, ಯಾವ ಯಾವುದೋ ಚಪ್ಪಲಿಗಳು ಅಲ್ಲಲ್ಲಿ ಉಳಿದವು. ನಾಯಿಯೊಂದಿಗೆ ದಪ್ಪ ಜಾಕೀಟಿನ ಬಾಂಬ್ ದಳದವರೊಬ್ಬರು ಬಂದರು. ಅಷ್ಟರಲ್ಲಿ ನನ್ನನ್ನು ಸ್ಟೇಷನ್ನಿನ ಪೊಲೀಸ್ ಕೋಣೆಗೆ ಕರೆದೊಯ್ದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿದರು.

ನಾನು ಹೆದರಿದ್ದು ಒದೆಯುತ್ತಾರೆ ಎಂದಲ್ಲ. ನನ್ನ ಬಗ್ಗೆ ಇನ್ನು ಮುಂದೆ ಯಾರು ಏನು ಹೇಳಿದರೂ ಅದನ್ನು ತಡೆಯಲು ನನ್ನಲ್ಲಿ ಏನೂ ಇಲ್ಲ ಎಂದು. ಇಟ್ಟವಳು ನಾನೇ, ಬಚ್ಚಿಟ್ಟವಳು ನಾನೇ, ದೂರ ಕೂತು ನೋಡುತ್ತಿದ್ದವಳೂ ನಾನೇ. ಮೂರೂ ನಿಜ. ಉಳಿದದ್ದು ಒಂದು ಉದ್ದೇಶ. ಅದು ನನ್ನ ತಲೆಯೊಳಗಿತ್ತು.

ಮೇಜಿನ ಹಿಂದಿದ್ದ ಅಧಿಕಾರಿ ದನಿ ಏರಿಸುವವರಲ್ಲ. ಅದು ಇನ್ನಷ್ಟು ಹೆದರಿಕೆ ಹುಟ್ಟಿಸಿತು. ಒಬ್ಬ ಹೆಂಗಸಿನ ಕೈ ಮುರಿದಿದೆ, ಆಸ್ಪತ್ರೆಗೆ ಕಳಿಸಿದ್ದೇವೆ ಎಂದು ಮೊದಲು ಹೇಳಿದರು. ನಂತರ ಯಾವ ಸಂಘಟನೆ ಎಂದು ಕೇಳಿದರು. ಯಾವುದೂ ಇಲ್ಲ ಎಂದೆ. ಒಬ್ಬಳೇ ಬಂದದ್ದಾ ಎಂದರು. ಹೌದು ಎಂದೆ. ಆ ಒಂದು ಸುಳ್ಳನ್ನು ಗೆಳತಿಗಾಗಿ ಹೇಳಿದೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವಳೇ ನಿಂತಿದ್ದಳು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಿರುಗಿದ್ದಳು. ಕೂದಲೆಲ್ಲ ಮುಖಕ್ಕೆ ಅಂಟಿತ್ತು.

"ಸರ್, ವೋ ಮೇರಾ ಭೀ ಹೈ. ಆಧಾ ಮೇರಾ ಹೈ."

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಒಬ್ಬಳೇ ಬಂದೆ ಅಂದಿದ್ದೆ ನೀನು." ಅವಳ ಕಡೆ ತಿರುಗಿ, "ಔರ್ ಕಿತ್ನೇ ಲೋಗ್ ಹೈ ತುಮ್ಹಾರೇ?" ಎಂದರು, ಇನ್ನೆಷ್ಟು ಜನರಿದ್ದೀರಿ ಎಂದು.

ಅವಳು ಅರ್ಧ ಹೊರಲು ಬಂದಿದ್ದಳು. ಈಗ ನಾವು ಒಂದು ಗುಂಪಾಗಿದ್ದೆವು, ಸುಳ್ಳು ಹೇಳುವ ಗುಂಪು. ಅವಳು ನನ್ನ ಪಕ್ಕದಲ್ಲಿ ಕೂತು ಕಿವಿಯಲ್ಲಿ, "ನಾನು ಬಂದದ್ದು ತಪ್ಪಾಯ್ತಾ?" ಎಂದಳು. ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದಳು. ಯಾವುದಕ್ಕೂ ಹೆದರದವಳು ಎಂದುಕೊಂಡಿದ್ದೆ. "ಇಲ್ಲ, ಇರು," ಎಂದೆ.

ಮನೆಯಿಂದ ಯಾರನ್ನಾದರೂ ಕರೆಸಿ ಎಂದರು. ಬೇಡ ಎನ್ನುವ ಸ್ಥಿತಿ ಇರಲಿಲ್ಲ. ಅಪ್ಪ ಬಂದಾಗ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡಿದ್ದರು, ಅಷ್ಟು ಅವಸರದಲ್ಲೂ. ನೇರವಾಗಿ ನನ್ನ ಹತ್ತಿರ ಬಂದರು.

"ಏನಮ್ಮ? ಯಾರಾದ್ರೂ ಏನಾದ್ರೂ ಮಾಡಿದ್ರಾ ನಿಂಗೆ?"

"ಇಲ್ಲ ಅಪ್ಪ. ನಾನೇ ಮಾಡಿದ್ದು."

ಅಧಿಕಾರಿ ಹೇಳಿದ್ದನ್ನೆಲ್ಲ ಅವರು ನಿಂತುಕೊಂಡೇ ಕೇಳಿದರು. ಕೂರಿ ಎಂದರೂ ಕೂರಲಿಲ್ಲ. ಕೇಳಿ ಮುಗಿದ ಮೇಲೆ, ನನ್ನ ಕಡೆ ನೋಡದೆ, "ಸಾಬ್, ಕಾಲೇಜ್ ಕಾ ಪ್ರಾಜೆಕ್ಟ್ ಹೈ," ಎಂದರು. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟು ಸಲೀಸಾಗಿ ಹೇಳಿದರೆಂದರೆ, ಒಂದು ಗಳಿಗೆ ಅದೇ ನಿಜವಿರಬಾರದೇ ಎನಿಸಿತು.

"ಕೌನ್ಸಾ ಕಾಲೇಜ್? ಪರ್ಮಿಶನ್ ಲೆಟರ್ ಕಿಧರ್ ಹೈ?"

ಅಪ್ಪ ನನ್ನ ಕಡೆ ತಿರುಗಿದರು. ನಾನು ಕಾಲೇಜು ಬಿಟ್ಟು ಕೆಲವು ವರ್ಷಗಳೇ ಆಗಿದ್ದವು. ಒಂದು ಸುಳ್ಳಿಗೆ ಆಗಲೇ ಸಿಕ್ಕಿಬಿದ್ದಿದ್ದೆ. ಇನ್ನೊಂದಾದರೆ ಅಪ್ಪನೂ ಈ ಬೆಂಚಿನ ಮೇಲೆ ಕೂರುತ್ತಾರೆ ಎಂದು ಹೊಳೆಯಿತು.

"ಪ್ರಾಜೆಕ್ಟ್ ನಹೀಂ ಹೈ, ಸರ್. ಮ್ಯೂಸಿಕ್ ಕೇ ಲಿಯೇ ಥಾ."

"ಮ್ಯೂಸಿಕ್." ಅವರು ಮೇಜಿನ ಮೇಲಿನ ಪ್ಲಾಸ್ಟಿಕ್ ಚೀಲವನ್ನು ಬೆರಳಿನಿಂದ ತಳ್ಳಿದರು. ಜಾಕೀಟಿನವರು ಬಿಚ್ಚಿ ನೋಡಿ ತಂದಿಟ್ಟಿದ್ದ ರೆಕಾರ್ಡರು, ತಂತಿ, ಬಿಲ್ಲೆ ಅದರಲ್ಲಿದ್ದವು. "ಸುನಾ."

ಫೋನಿನಲ್ಲಿ ನಾವು ಮುಗಿಸಿದ್ದ ಒಂದು ಟ್ರ್ಯಾಕ್ ಹಾಕಿದೆ. ಫೋನಿನ ಪುಟ್ಟ ಸ್ಪೀಕರಿಗೆ ಕೆಳಗಿನ ಸದ್ದು ಹೊರಡಿಸುವ ಶಕ್ತಿಯಿಲ್ಲ. ಆಳವಾದ ಬಡಿತ ಪೂರ್ತಿ ಮಾಯವಾಗಿ, ಅದರ ತುದಿಯಲ್ಲಿರುವ ಚೂಪು ಸದ್ದೊಂದೇ ಉಳಿಯಿತು. ಟಿಕ್, ಟಿಕ್, ಟಿಕ್, ಟಿಕ್. ಮಹಿಳಾ ಪೊಲೀಸ್ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಪ್ಲಾಸ್ಟಿಕ್ ಚೀಲ ನೋಡಿದರು.

"ಸರ್, ಸರ್, ಇದ್ರಲ್ಲಿ ಬೇಸ್ ಬರ್ಲಿಕ್ಕಿಲ್ಲ!" ಗೆಳತಿ ಗಾಬರಿಯಲ್ಲಿ ಕನ್ನಡದಲ್ಲೇ ಶುರುಮಾಡಿ, ಹಿಂದಿಗೆ ಹೊರಳಿ, ತನ್ನ ಹೆಡ್‌ಫೋನನ್ನು ಎರಡೂ ಕೈಯಿಂದ ಚಾಚಿದಳು. ಅಧಿಕಾರಿ ಟೋಪಿ ತೆಗೆದಿಟ್ಟು ಹಾಕಿಕೊಂಡರು. ನಾವೆಲ್ಲ ಅವರ ಮುಖ ನೋಡುತ್ತ ನಿಂತೆವು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಒಂದು ಕಿವಿ ಸರಿಸಿ ಕೇಳಿದರು.

"ಗಾನಾ ಕಬ್ ಶುರೂ ಹೋಗಾ?"

"ಹೋ ಗಯಾ, ಸರ್," ಎಂದಳು ಗೆಳತಿ. "ಯಹೀ ಹೈ." ಹಾಡು ಶುರುವಾಗಿ ಆಗಲೇ ಬಹಳ ಹೊತ್ತಾಗಿತ್ತು.

ಮಹಿಳಾ ಪೊಲೀಸ್ ಮುಖ ತಿರುಗಿಸಿಕೊಂಡರು. ನಕ್ಕರು ಎಂದು ಅವರ ಬೆನ್ನು ಹೇಳಿತು. ಅಪ್ಪ ನಗಲಿಲ್ಲ. ನನಗೂ ನಗು ಬರಲಿಲ್ಲ, ಆದರೆ ಆ ಗಳಿಗೆಯಲ್ಲಿ ಮೊದಲ ಸಲ ಪೂರ್ತಿ ಉಸಿರು ತೆಗೆದುಕೊಂಡೆ.

ಅಷ್ಟಕ್ಕೆ ಮುಗಿಯಲಿಲ್ಲ. ಚೀಲದಲ್ಲಿದ್ದ ರೆಕಾರ್ಡರಿನಲ್ಲಿ ಏನಿದೆ ಎಂದು ಕೇಳಬೇಕು ಎಂದರು. ಮೂಲೆಯ ಕಂಪ್ಯೂಟರಿನ ಸ್ಪೀಕರಿಗೆ ಅದನ್ನು ಜೋಡಿಸಲು ಹೋದೆ. ಎರಡು ಸಲ ಪಿನ್ನನ್ನು ತಪ್ಪು ತೂತಿಗೆ ಒತ್ತಿದೆ. ಅಪ್ಪ ನನ್ನ ಕೈಯಿಂದ ತೆಗೆದುಕೊಂಡು ಸಿಕ್ಕಿಸಿದರು.

ಮೊದಲು ರೈಲು. ನಾನು ಬಯಸಿದ್ದು ಅದೇ, ಬಯಸಿದ್ದಕ್ಕಿಂತ ಚೆನ್ನಾಗಿತ್ತು. ದೂರದಿಂದ ಉಕ್ಕಿನೊಳಗೆ ಎದ್ದು, ತುಂಬಿ, ಬಹಳ ಹೊತ್ತು ಇಳಿಯುತ್ತ ಹೋಗುವ ಮೊಳಗು. ಅದು ಚೆನ್ನಾಗಿದೆ ಎಂದು ಅಂಥ ಹೊತ್ತಿನಲ್ಲೂ ನನಗೆ ಅನ್ನಿಸಿತಲ್ಲ, ಅದರಿಂದ ನನಗೇ ಭಯವಾಯಿತು. ಆಮೇಲೆ ಬಿಡಿ ಬಿಡಿ ಹೆಜ್ಜೆಗಳು. ಒಂದು ಜೊತೆ ಹೆಜ್ಜೆ ಹತ್ತಿರ ಬಂದು ನಿಂತಿತು. ಚೀಲ ಕೆಳಗಿಟ್ಟ ಸದ್ದು. ಮೌನ. ಹಿಂದೆ ಸರಿದ ಹೆಜ್ಜೆಗಳು. ಮತ್ತೆ ನಾಲ್ಕಾರು ಹೆಜ್ಜೆ, ಓಟ. ಎರಡನೆಯ ರೈಲು ಬಂದು ನಿಂತ ಮೊಳಗು. ಆಮೇಲೆ ಎಣಿಸಲಾಗದಷ್ಟು, ತಗಡಿನ ಸೂರಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಆ ಮೈಕು ದನಿ ಹಿಡಿಯುವುದಿಲ್ಲವಾದ್ದರಿಂದ ಒಂದು ಕೂಗಿಲ್ಲ, ಸೀಟಿಯಿಲ್ಲ. ಬರೀ ಕಾಲು.

ನಂತರ ಅದು ನಿಂತುಹೋಯಿತು.

ಕಡಿಮೆಯಾಗುತ್ತ ಬಂದು ನಿಂತದ್ದಲ್ಲ. ಅಷ್ಟು ಜೋರಾಗಿದ್ದದ್ದು ಹಾಗೇ ಇಲ್ಲವಾಯಿತು. ಮುಗಿಯಿತೆಂದು ಅಧಿಕಾರಿ ಕೈ ಚಾಚಿದರು. ಸ್ಪೀಕರಿನಲ್ಲಿ ಕಂಬಿ ಸಣ್ಣಗೆ ಕಿರುಗುಟ್ಟಿತು, ಭಾರ ಹೊತ್ತ ಮಂಚದ ಹಾಗೆ. ಮತ್ತೆ ಏನೂ ಇಲ್ಲ. ನಾನು ಆ ಕಿರುಗುಟ್ಟುವಿಕೆಯನ್ನು ಕೇಳುತ್ತ ನನ್ನ ಚೂಡಿದಾರದ ಅಂಚನ್ನು ಬೆರಳಿಗೆ ಸುತ್ತಿಕೊಂಡಿದ್ದೆ; ಬೆರಳು ಬೆಳ್ಳಗಾಗಿದ್ದು ಆಮೇಲೆ ನೋಡಿದೆ. ಆಮೇಲೆ ಒಂದು ಹೆಜ್ಜೆ, ಇನ್ನೊಂದು, ನಿಧಾನವಾಗಿ ಮತ್ತೆ ಶುರುವಾಯಿತು. ಕೆಳಗಿಳಿಯುವ ಹೆಜ್ಜೆಗಳು.

"ಡಿಲೀಟ್ ಕರ್," ಎಂದರು ಅಧಿಕಾರಿ. "ಮೇರೇ ಸಾಮ್ನೇ."

ಮಾಡಿದೆ. ನಮ್ಮ ಗುರುತಿನ ಚೀಟಿಗಳ ನಕಲು ತೆಗೆದುಕೊಂಡರು, ಹೇಳಿಕೆ ಬರೆಸಿಕೊಂಡರು, ಕರೆದಾಗ ಬರಬೇಕು ಎಂದರು. ಬಿಲ್ಲೆಯನ್ನೂ ರೆಕಾರ್ಡರನ್ನೂ ಇಟ್ಟುಕೊಂಡರು. ಹೊರಡುವಾಗ ಮಹಿಳಾ ಪೊಲೀಸ್ ನನ್ನ ಮುಂಗೈ ನೋಡಿ, "ದುಖತಯ್ ಕಾ?" ಎಂದು ಕೇಳಿದರು. ನೋಯುತ್ತಿತ್ತು. ಇಲ್ಲ ಎಂದೆ. ಕೈ ಮುರಿದ ಹೆಂಗಸು ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದು ಕೇಳಿದೆ. ಅವರು ಅಧಿಕಾರಿಯ ಕಡೆ ನೋಡಿ, ತಲೆಯಾಡಿಸಿ, "ಘರೀ ಜಾ," ಎಂದರು. ಮನೆಗೆ ಹೋಗು.

ಗೆಳತಿ ಗ್ರಾಂಟ್ ರೋಡಿನ ಕಡೆ ಹೋದಳು. ಚೆಂಬೂರಿಗೆ ರೈಲು ಹಿಡಿಯಬೇಕಾದರೆ ಆ ಸೇತುವೆಯನ್ನೇ ದಾಟಬೇಕಿತ್ತು. ನಾನು ಮೆಟ್ಟಿಲಿನ ಬುಡದವರೆಗೆ ಹೋಗಿ ನಿಂತೆ. ಅಪ್ಪ ಹೊರಗೆ ಹೋಗಿ ರಿಕ್ಷಾ ನಿಲ್ಲಿಸಿದರು.

ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ಅಪ್ಪ ಹೊರಗೆ ನೋಡುತ್ತಲೇ, "ಮಧ್ಯದಲ್ಲಿ ನಿಂತೋಯ್ತಲ್ಲ ಸದ್ದು," ಎಂದರು.

"ಹೂಂ."

"ಅಷ್ಟು ಬೇಗ ಜನ ಇಳಿದುಬಿಟ್ಟಿದ್ರಾ?"

"ಇಲ್ಲ ಅಪ್ಪ."

ಸಿಗ್ನಲ್ ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಅವರೇ ಹೇಳಿದರು. "ಕಾಲೆತ್ತೋಕೆ ಜಾಗ ಇರಲಿಲ್ಲ ಅವರಿಗೆ."

ನಾನು ಹೌದು ಎಂದೆ. ಆ ಕೋಣೆಯಲ್ಲಿ ಅದು ಗೊತ್ತಾದದ್ದು ನನ್ನೊಬ್ಬಳಿಗೆ ಎಂದುಕೊಂಡಿದ್ದೆ.

"ಅಮ್ಮಂಗೆ ನಾನು ಹೇಳ್ತೀನಿ. ನೀನು ಸುಮ್ನಿರು." ಏನು ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ಅಮ್ಮ ಕೇಳಿಲ್ಲ. ಹೆಡ್‌ಫೋನು ಹಾಕಿಕೊಂಡು ಕೂತಾಗ ಕಾಫಿ ಇಡುತ್ತಾರೆ, ಆದರೆ ಆಫೀಸಿನವರನ್ನು ಬೈಯುವುದಿಲ್ಲ.

ಪೊಲೀಸರು ಈವರೆಗೆ ಕರೆದಿಲ್ಲ. ಗೊತ್ತಿಲ್ಲದ ನಂಬರು ಬಂದರೆ ಅವರೇ ಎಂದುಕೊಳ್ಳುತ್ತೇನೆ. ಕೈ ಮುರಿದ ಹೆಂಗಸನ್ನು ಹುಡುಕಲು ಎರಡು ಆಸ್ಪತ್ರೆಗಳಿಗೆ ಹೋಗಿದ್ದೆ. ಹೆಸರೂ ಗೊತ್ತಿಲ್ಲದೆ ಯಾರನ್ನು ಕೇಳುವುದು? ನೀವು ಯಾರು ಎಂದು ಕೌಂಟರಿನಲ್ಲಿ ಕೇಳಿದರು. ವಾಪಸು ಬಂದೆ.

ಸಂಗೀತ ಬಿಟ್ಟಿಲ್ಲ. ಈಗಲೂ ಭಾನುವಾರ ಗ್ರಾಂಟ್ ರೋಡಿಗೆ ಹೋಗುತ್ತೇನೆ, ಸುತ್ತು ಹೆಚ್ಚಾದರೂ ಬಸ್ಸಿನಲ್ಲಿ. ಸದ್ದುಗಳನ್ನು ಹೋಟೆಲಿನೊಳಗೇ ಹುಡುಕುತ್ತೇವೆ, ಹೊಸ ಬಿಲ್ಲೆಯನ್ನು ಗ್ರೈಂಡರಿನ ಕಾಲಿಗೆ ಅಂಟಿಸಿ. ಗೆಳತಿ ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂರುತ್ತಾಳೆ. ಅವಳ ಕಾಲಿನ ಸದ್ದೂ ಬರುತ್ತದೆ. ಬರಲಿ ಎಂದು ಬಿಟ್ಟಿದ್ದೇವೆ.

ಈ ಸಂಗೀತದಲ್ಲಿ ಒಂದು ರೂಢಿಯಿದೆ. ಬಹಳ ಹೊತ್ತು ನಡೆದ ಬಡಿತವನ್ನು ಒಮ್ಮೆಲೇ ತೆಗೆದುಬಿಡುತ್ತಾರೆ. ಕುಣಿಯುತ್ತಿದ್ದವರು ನಿಂತು, ಕೈ ಮೇಲೆತ್ತಿ, ಅದು ಮತ್ತೆ ಬೀಳುವುದನ್ನು ಕಾಯುತ್ತಾರೆ. ಬಿದ್ದಾಗ ಕೂಗುತ್ತಾರೆ. ಜನ ಬರುವುದೇ ಅದಕ್ಕೆ ಎನ್ನಬಹುದು. ನಾನು ಅದನ್ನು ಮಾಡುತ್ತಿಲ್ಲ. ಆ ಜಾಗ ಬಂದಾಗ ಬಡಿತ ನಿಲ್ಲಿಸುವ ಕೀಲಿಯ ಮೇಲಿನ ಬೆರಳು ಒತ್ತುವುದಿಲ್ಲ.

"ಒಂದು ಬ್ರೇಕ್ ಕೊಡು ಮಾರಾಯ್ತಿ," ಎನ್ನುತ್ತಾಳೆ ಗೆಳತಿ. "ಜನ ಉಸಿರು ತೆಗೀಬೇಕಲ್ಲ."

"ನಡೀತಾ ಇದ್ರೆ ತೆಗೀತಾರೆ," ಎನ್ನುತ್ತೇನೆ. ಅವಳು ಒತ್ತಾಯಿಸುವುದಿಲ್ಲ.

ಕಳೆದ ತಿಂಗಳು ಗೆಳತಿಯ ಪರಿಚಯದವರೊಬ್ಬರು ಅಂಧೇರಿಯ ಹಳೆಯ ಗೋಡೌನಿನಲ್ಲಿ ಮಧ್ಯಾಹ್ನದ ಹೊತ್ತು ಟೆಕ್ನೊ ನುಡಿಸಿದರು. ಒಳ್ಳೆಯ ಸಂಗೀತ. ನಾನು ಗೋಡೆಯ ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ನಡುವೆ ಅವರು ಬಡಿತ ತೆಗೆದರು. ಎದುರಿದ್ದವರೆಲ್ಲ ಕೈ ಮೇಲೆತ್ತಿದರು. ಅದು ಮತ್ತೆ ಬೀಳುವಷ್ಟರಲ್ಲಿ ನಾನು ಬಾಗಿಲು ದಾಟಿ ರಸ್ತೆಯಲ್ಲಿದ್ದೆ. ಗೆಳತಿ ನನ್ನ ಒಂಟಿ ಚಪ್ಪಲಿ ಹಿಡಿದುಕೊಂಡು ಹಿಂದೆಯೇ ಓಡಿಬಂದಳು. ಒಂದನ್ನು ಒಳಗೇ ಬಿಟ್ಟು ಬಂದಿದ್ದೆನಂತೆ.